ನಾನು ತಿದ್ದಿದ ತೀರ್ಪು

ಬಟ್ಟೆಯ ತುಂಡನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜುವಾಗ ನಮ್ಮ ಮೇಡಂ ಅವರ ಎಡಹುಬ್ಬು ತಾನಾಗಿ ಮೇಲೇರುತ್ತಿತ್ತು. ಹುಬ್ಬಳ್ಳಿಯ ಜವಳಿ ಅಂಗಡಿಯಲ್ಲಿ ಪಳಗಿದ ಕೈ. ಕೆನಡಾಕ್ಕೆ ಬಂದು, ಬೋಲ್ಟನ್ ಊರಿನ ಗೋದಾಮೊಂದರಲ್ಲಿ ಆಮದಿನ ಕಾಗದಪತ್ರ ನೋಡುವ ಕೆಲಸದಿಂದ ಶುರುಮಾಡಿ, ವಕೀಲೆಯಾಗಿ, ಕೊನೆಗೆ ಫೆಡರಲ್ ನ್ಯಾಯಾಧೀಶೆಯಾದವರು. ಹೊರದೇಶದ ಸರಕು ಯಾವ ವರ್ಗಕ್ಕೆ ಸೇರಬೇಕು, ಯಾವ ಸುಂಕ ಎಂಬ ತಕರಾರುಗಳೇ ಅವರ ಮುಂದೆ ಹೆಚ್ಚು ಬರುತ್ತಿದ್ದವು. ಒಮ್ಮೆ ಕೈಗವಸಿನ ಬಗ್ಗೆ ಗಂಟೆಗಟ್ಟಲೆ ವಾದಿಸಿದ ವಕೀಲರನ್ನು, "ಇದನ್ನು ಹಾಕಿಕೊಂಡು ನೋಡಿದ್ದೀರಾ?" ಎಂದು ಕೇಳಿದ್ದರು. ವಕೀಲರು ನೋಡಿರಲಿಲ್ಲ.

"ಕಾಗದ ಆಮ್ಯಾಲೆ. ಮೊದ್ಲ ಸಾಮಾನು ನೋಡು," ಎಂದು ನನಗೂ ಹೇಳುತ್ತಿದ್ದರು.

ನಾನು ಮಂಗಳೂರಿನವಳು. ಟೊರಾಂಟೊದ ಅವರ ಕಚೇರಿಯಲ್ಲಿ ಒಂಬತ್ತು ವರ್ಷ ಕಾನೂನು ಸಹಾಯಕಿಯಾಗಿದ್ದೆ. ನಾನಿದ್ದ ಮೆಡೋವೇಲ್‌ನಿಂದ ಬರುವ ಟ್ರೇನು ತಪ್ಪಿ ತಡವಾದರೆ ಬೈಯುತ್ತಿರಲಿಲ್ಲ. ತಮ್ಮ ಡಬ್ಬಿಯ ಅರ್ಧ ರೊಟ್ಟಿ ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು.

ಕೊನೆಯ ವರ್ಷ ಅವರ ಕರಡುಗಳಲ್ಲಿ ಒಂದೇ ಪ್ಯಾರಾ ಎರಡೆರಡು ಸಲ ಬರತೊಡಗಿತು. ಸದ್ದಿಲ್ಲದೆ ತೆಗೆದೆ. ಆಮೇಲೆ ಉಕ್ಕಿನ ಪೈಪುಗಳ ಪ್ರಕರಣದ ತೀರ್ಪಿನಲ್ಲಿ ಒಬ್ಬ ಸಾಕ್ಷಿಯ ಹೇಳಿಕೆಯನ್ನೇ ಪೂರ್ತಿ ಮರೆತಿದ್ದರು. ಅದನ್ನೂ ನಾನೇ ಬರೆದು ಸೇರಿಸಿದೆ. ಅವರ ಮಾನ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಆ ತೀರ್ಪು ಪ್ರಕಟವಾಗುವ ಹಿಂದಿನ ಮಧ್ಯಾಹ್ನ ಅದನ್ನು ಹಿಡಿದು ನನ್ನ ಬಳಿ ಬಂದರು. "ಈ ನಾಲ್ಕು ಪ್ಯಾರಾ ನಾ ಬರ್ದಿಲ್ಲ. ನನ್ನ ಧಾಟಿ ನನಗ ಗೊತ್ತಿಲ್ಲೇನು? ಎಷ್ಟ ದಿನದಿಂದ ಹಿಂಗ ನಡದದ?"

"ಏಳೆಂಟು ತಿಂಗಳಾಯ್ತು ಮೇಡಂ."

ಅಲ್ಲೇ ಕುಳಿತುಬಿಟ್ಟರು. "ನೀ ನನಗ ಹೇಳಬೇಕಿತ್ತವಾ. ಗೆದ್ದವರೂ ಸೋತವರೂ ಇದು ನನ್ನ ತೀರ್ಪು ಅಂತ ನಂಬ್ತಾರ."

ತೀರ್ಪು ತಡೆದರು. ಮುಖ್ಯ ನ್ಯಾಯಾಧೀಶರಿಗೆ ಎಲ್ಲ ತಿಳಿಸಿ ರಾಜೀನಾಮೆ ಕೊಟ್ಟರು. ನಾನು ಮಾಡಿದ್ದನ್ನೂ ಮುಚ್ಚಿಡಲಿಲ್ಲ. ನನ್ನ ಕೆಲಸ ಹೋಯಿತು. ಸಿಟ್ಟಿನಲ್ಲಿ ಎರಡು ವರ್ಷ ಅವರ ಫೋನು ಎತ್ತಲಿಲ್ಲ. ಆಮೇಲೆ ಫೋನು ಬರುವುದೇ ನಿಂತಿತು.

ಮರೆವು ಹೆಚ್ಚಿ ಅವರನ್ನು ಓಕ್‌ವಿಲ್‌ನ ಆರೈಕೆ ಮನೆಗೆ ಸೇರಿಸಿದ್ದಾರೆಂದು ಕೇಳಿ, ತಡೆಯಲಾರದೆ ನೋಡಲು ಹೋದೆ. "ಬರ್ರಿ, ಕುಂದರ್ರಿ," ಎಂದರು. ಒಂಬತ್ತು ವರ್ಷ ನನ್ನನ್ನು 'ನೀ' ಎಂದವರು. ಗುರುತು ಸಿಕ್ಕಿಲ್ಲವೆಂದು ಆಗಲೇ ತಿಳಿಯಿತು. ಆದರೂ ಎಲ್ಲ ಹೇಳಿಕೊಂಡೆ: ತಿದ್ದಿದ್ದು, ಮುಚ್ಚಿಟ್ಟಿದ್ದು, ಫೋನು ಎತ್ತದೆ ಇದ್ದದ್ದು. ನಡುವೆ ಬಾಯಿ ಹಾಕದೆ, ಪೀಠದಲ್ಲಿ ಕೂತ ಹಾಗೆಯೇ ಪೂರ್ತಿ ಕೇಳಿದರು. ಆಮೇಲೆ ನನ್ನ ಕೈ ಸವರಿದರು.

"ಅಳಬ್ಯಾಡ್ರಿ. ನನಗ ಹೇಳಿದ್ರ ಏನು ಬಂತು? ಆ ಜಡ್ಜ್ ಬಾಯಾರ ಹತ್ರ ಹೋಗಿ ಹೇಳ್ರಿ. ಅವ್ರು ನಿಮ್ಮ ದಾರಿ ಕಾಯ್ತಿರ್ತಾರ."

ಈ ಸಲವಾದರೂ ಗುರುತು ಸಿಕ್ಕೀತೆಂದು ಮರುವಾರ ಮತ್ತೆ ಹೊರಟಿದ್ದೆ. ಹಿಂದಿನ ಸಂಜೆಯೇ ಅವರು ತೀರಿಕೊಂಡಿದ್ದರು.