ಎಂಟರ ಆಚೆಗಿನ ಗೋಡೆ

ನಮ್ಮ ಪಿ.ಟಿ. ಮಾಸ್ತರರ ಬಲಗೈ ಬೆರಳುಗಳು ಎಚ್ಚರವಿದ್ದಷ್ಟು ಹೊತ್ತೂ ಆಡುತ್ತಿದ್ದವು. ತೋರುಬೆರಳು, ನಡುಬೆರಳು, ಉಂಗುರಬೆರಳು ಒಂದಾದ ಮೇಲೊಂದು ಬಡಿಯುತ್ತಿದ್ದವು. ಆಮೇಲೆ ಇಡೀ ಅಂಗೈ ಬೀಳುತ್ತಿತ್ತು. ಟಕ್, ಟಕ್, ಟಕ್, ಧಪ್. ಮೇಜಿನ ಮೇಲೆ, ಸ್ಕೂಟರಿನ ಸೀಟಿನ ಮೇಲೆ, ಊಟಕ್ಕೆ ಕುಳಿತಾಗ ತೊಡೆಯ ಮೇಲೆ. ಹೊಸಬರು ಇವರು ತಬಲಾ ಕಲಿತಿರಬೇಕು ಎಂದುಕೊಳ್ಳುತ್ತಿದ್ದರು. ಅದು ಹರ್ಡಲ್ಸ್ ಓಟದ ಲೆಕ್ಕ. ಒಂದು ಹರ್ಡಲ್ ದಾಟಿ ಇನ್ನೊಂದನ್ನು ಮುಟ್ಟಲು ಮೂರೇ ಹೆಜ್ಜೆ, ಆಮೇಲೆ ಜಿಗಿತ. ಮೂರರ ಬದಲು ನಾಲ್ಕು ಹೆಜ್ಜೆ ಇಟ್ಟವನ ಓಟ ಅಲ್ಲಿಗೇ ಮುಗಿಯಿತು.

ಬ್ಯಾಡಗಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಬರುವ ತನಕ ಯಾರೂ ಹರ್ಡಲ್ ಕಂಡಿರಲಿಲ್ಲ. ಬಿದಿರಿನ ಗಳ ಕಡಿಸಿ, ಮೂರೂವರೆ ಅಡಿ ಎತ್ತರಕ್ಕೆ ನಿಲ್ಲಿಸಿ, ಅಡ್ಡಪಟ್ಟಿಗೆ ಮೆಣಸಿನಕಾಯಿ ಚೀಲದ ಗೋಣಿತಟ್ಟು ಸುತ್ತಿ ಅವರೇ ಹೊಲಿದರು. ಮೊಣಕಾಲು ಬಡಿದರೆ ಪೆಟ್ಟಾಗಬಾರದು ಎಂಬುದು ಅವರ ವಿಚಾರ. ಆದರೆ ಹಳೆಯ ಚೀಲ, ಎಷ್ಟು ಝಾಡಿಸಿದರೂ ಖಾರ ಹೋಗುತ್ತಿರಲಿಲ್ಲ. ತರಚಿದ ಚರ್ಮಕ್ಕೆ ತಟ್ಟು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವರು ಮಾತ್ರ, ಛಲೋ ಆತು ಬಿಡು, ನಾಳೆ ಕಾಲು ಎತ್ತಿ ಹಾರ್ತಿ ಅನ್ನುತ್ತಿದ್ದರು.

ಹರ್ಡಲ್ಸ್ ಓಟದಲ್ಲಿ ಹತ್ತು ಹರ್ಡಲ್ ಇರುತ್ತವೆ. ನಮ್ಮ ಮೈದಾನದಲ್ಲಿ ಎಂಟಕ್ಕೇ ಜಾಗ. ಎಂಟನೆಯದನ್ನು ದಾಟಿ ಕಾಲು ನೆಲಕ್ಕೆ ತಾಗಿದರೆ ಎರಡು ಮೂರು ಮಾರು ದೂರದಲ್ಲಿ ಕಂಪೌಂಡ್ ಗೋಡೆ, ಅದರಾಚೆ ದಲಾಲಿ ಅಂಗಡಿ ಸಾವ್ಕಾರರು ಮೆಣಸಿನಕಾಯಿ ಒಣಗಿಸುವ ಕಣ. ಅಡ್ಡ ಹಾಕೋಣವೆಂದರೆ ಬಾವಿ, ಮೂಲೆಯಿಂದ ಮೂಲೆಗೆ ಹಾಕೋಣವೆಂದರೆ ಬಿಸಿಯೂಟದ ಅಡುಗೆಮನೆ. ಮಾಸ್ತರರು ಹೊಟ್ಟು ತುಂಬಿದ ಎರಡು ಚೀಲಗಳನ್ನು ಗೋಡೆಗೆ ಒರಗಿಸಿ ಕಟ್ಟಿದರು. ನಾವು ಎಂಟು ದಾಟಿ, ಎದೆ ಹಿಂದಕ್ಕೆ ಜಗ್ಗಿ, ಎರಡೂ ಅಂಗೈ ಮುಂದೆ ಚಾಚಿ ಆ ಚೀಲಕ್ಕೆ ಹೋಗಿ ಬಡಿಯುತ್ತಿದ್ದೆವು. ಎರಡು ವರ್ಷ, ದಿನಕ್ಕೆ ಹತ್ತಾರು ಸಲ, ನಾನು ಹಾಗೇ ಓಡಿದೆ.

ಹಾವೇರಿಯಲ್ಲಿ ಜಿಲ್ಲಾಮಟ್ಟದ ಓಟ. ಗೆದ್ದವನು ರಾಜ್ಯಮಟ್ಟಕ್ಕೆ ಹೋಗುತ್ತಿದ್ದ. ಆರನೆಯ ಹರ್ಡಲಿಗೆ ನಾನು ಎಲ್ಲರಿಗಿಂತ ಮುಂದಿದ್ದೆ, ಎಂಟನೆಯದಕ್ಕೂ ಮುಂದಿದ್ದೆ. ಎಂಟು ದಾಟಿದ್ದೇ ತಡ, ನಾನು ಹೇಳದೆ ಕೇಳದೆ ನನ್ನ ಎದೆ ಹಿಂದಕ್ಕೆ ಜಗ್ಗಿತು, ಎರಡೂ ಕೈ ಮುಂದೆ ಚಾಚಿದವು. ಅಲ್ಲಿ ಗೋಡೆ ಇರಲಿಲ್ಲ. ಒಂಬತ್ತನೆಯ ಹರ್ಡಲ್ ಇತ್ತು. ಅದರ ಮೇಲೇ ಬಿದ್ದೆ. ಬಲಗಾಲಿನ ಮೊಣಕಾಲು ತಿರುಚಿತು, ಆಮೇಲೆ ಅದು ಓಡುವ ಕಾಲಾಗಿ ಉಳಿಯಲಿಲ್ಲ.

ಮಾಸ್ತರರು ನನ್ನನ್ನು ಹೊತ್ತುಕೊಂಡೇ ಬಸ್ಸು ಹತ್ತಿಸಿದರು. ಮುಂದೆ ನಾನು ಟೇಲರ್ ಆದೆ. ಶಾಲೆಯ ಯೂನಿಫಾರ್ಮೆಲ್ಲ ನನ್ನ ಅಂಗಡಿಗೇ ಬರುವಂತೆ ಮಾಡಿದವರು ಅವರು. ಸಂಜೆ ಬಂದು ಸ್ಟೂಲಿನ ಮೇಲೆ ಕೂಡುತ್ತಿದ್ದರು, ಕತ್ತರಿಸುವ ಹಲಗೆಯ ಮೇಲೆ ಬೆರಳು ಆಡುತ್ತಿದ್ದವು. ಒಮ್ಮೆ ಹೊಲಿಗೆ ನಿಲ್ಲಿಸಿ ಎಣಿಸಿದೆ. ಎಂಟು ಸಲ ಧಪ್ ಎಂದ ಮೇಲೆ ಕೈ ನಿಲ್ಲುತ್ತಿತ್ತು. ಒಂದು ಗಳಿಗೆ ಬಿಟ್ಟು ಮತ್ತೆ ಮೊದಲಿನಿಂದ. ನಾನು ಎಣಿಸಿದ್ದನ್ನು ಅವರಿಗೆ ಹೇಳಲಿಲ್ಲ.

ಹತ್ತು ವರ್ಷ ಕಳೆದ ಮೇಲೆ ಹಲಗೇರಿಯ ಹುಡುಗನೊಬ್ಬ ಬಂದ. ಕಾಲು ಉದ್ದ, ಮಾತು ಕಡಿಮೆ. ಅವನು ಓಡಿದ್ದನ್ನು ನೋಡಿದ ದಿನವೇ ಮಾಸ್ತರರು ಸಾವ್ಕಾರರ ಅಂಗಡಿಗೆ ಹೊರಟರು, ಜೊತೆಗೆ ನನ್ನನ್ನೂ ಕರೆದರು. ಗೋಡೆಯಲ್ಲಿ ನಾಲ್ಕು ಅಡಿ ಸಂದಿ ಬೇಕು, ಒಂಬತ್ತನೆಯದನ್ನೂ ಹತ್ತನೆಯದನ್ನೂ ನಿಮ್ಮ ಕಣದಲ್ಲಿ ನಿಲ್ಲಿಸುತ್ತೇನೆ ಎಂದರು. ಸಾವ್ಕಾರರು ಎಲೆಅಡಿಕೆ ತುಂಬಿದ ಬಾಯಲ್ಲೇ ನಕ್ಕರು.

"ಅಲ್ರಿ ಮಾಸ್ತರ, ನಿಮ್ಮ ಹುಡುಗ ನನ್ನ ಕಾಯಿ ತುಳದ್ರ?"

"ತುಳದ್ರ ಉರಿಯೂದು ಅವನ ಕಾಲು. ನಿಮ್ಮ ಕಾಯಿಗೆ ಏನಾಗ್ತೈತ್ರಿ?"

ಸಾವ್ಕಾರರು ಒಪ್ಪಿದರು, ಸುಗ್ಗಿಯಲ್ಲಿ ಕಾಯಿ ಹರವುವ ಮುಂಚೆ ಬೆಳಗಿನ ಜಾವ ಮಾತ್ರ ಎಂದು. ಗೋಡೆ ಶಾಲೆಯದು, ಅದಕ್ಕೆ ಅಪ್ಪಣೆ ಬರಲೇ ಇಲ್ಲ. ಒಂದು ಭಾನುವಾರ ಮಾಸ್ತರರೇ ಹಾರೆ ಹಿಡಿದರು. ಮಳೆಗೆ ಬಿತ್ತು ಅಂತ ಬರೆದುಬಿಡಿ ಎಂದು ನಾನು ಹೇಳಿದೆ. ನಾನೇ ಕೆಡವೇನಿ ಅಂತ ಬರೀತೀನಿ ಎಂದರು, ಹಾಗೇ ಬರೆದುಕೊಟ್ಟರು. ಮೆಮೋ ಬಂತು. ಅದನ್ನು ಓದಿ, ಸಣ್ಣಗೆ ಮಡಚಿ, ಕಣದಲ್ಲಿ ಓಲಾಡುತ್ತಿದ್ದ ಹತ್ತನೆಯ ಹರ್ಡಲಿನ ಕಾಲ ಕೆಳಗೆ ಒತ್ತು ಕೊಟ್ಟರು.

ಆ ಸಂದಿಯ ಎರಡೂ ಬದಿಗೆ ಕಲ್ಲಿನ ಅಂಚು. ಎಂಟು ದಾಟಿದ ವೇಗದಲ್ಲಿ ಅದರೊಳಗೆ ಹೊಕ್ಕು ಮೂರು ಹೆಜ್ಜೆಯಲ್ಲಿ ಒಂಬತ್ತಕ್ಕೆ ಏಳಬೇಕು. ಕೈ ಸ್ವಲ್ಪ ಅಗಲಿಸಿದರೂ ಮೊಣಕೈ ಸುಲಿಯುತ್ತಿತ್ತು. ಮೊದಲ ವಾರ ಹುಡುಗ ಸಂದಿಯ ಮುಂದೆ ಬಂದು ನಿಂತುಬಿಡುತ್ತಿದ್ದ. ಮಾಸ್ತರರು ಬಯ್ಯಲಿಲ್ಲ. "ಗೋಡಿ ನೋಡಬ್ಯಾಡ ತಮ್ಮಾ, ಸಂದಿ ನೋಡು" ಎನ್ನುತ್ತಿದ್ದರು. ನಾನು ಬಾವಿಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ಅವನು ಮೊದಲ ಸಲ ಪಾರಾದ ದಿನ ನನಗೆ ಸಂತೋಷವಾಯಿತು. ಹೊಟ್ಟೆಯೂ ಉರಿಯಿತು. ಎರಡೂ ಖರೇ.

ಹುಡುಗ ಬೆಳೆದ. ನೌಕರಿ ಸಿಕ್ಕಿತು, ದೊಡ್ಡ ದೊಡ್ಡ ತರಬೇತುದಾರರು ಸಿಕ್ಕರು. ಮಾಸ್ತರರು ನಿವೃತ್ತರಾದರು. ಸಕ್ಕರೆ ಕಾಯಿಲೆ ಮೊದಲು ಕಣ್ಣನ್ನು ತಿಂದಿತು, ಆಮೇಲೆ ಮೂತ್ರಪಿಂಡವನ್ನು. ಎದುರಿಗೆ ಕುಳಿತವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ವಾರಕ್ಕೆ ಎರಡು ದಿನ ರಾಣೆಬೆನ್ನೂರಿನಲ್ಲಿ ಡಯಾಲಿಸಿಸ್. ಒಂದು ದಿನ ಅವರ ಹೆಂಡತಿ ಹೋಗುತ್ತಿದ್ದರು, ಇನ್ನೊಂದು ದಿನ ಅಂಗಡಿ ಮುಚ್ಚಿ ನಾನು.

ಕಳೆದ ವರ್ಷ ಆ ಹುಡುಗ ಏಷ್ಯಾದ ದೊಡ್ಡ ಕೂಟದಲ್ಲಿ ಫೈನಲಿಗೆ ಬಂದ. ನಮ್ಮ ಸೀಮೆಯವರು ಯಾರೂ ಅಲ್ಲಿಯ ತನಕ ಹೋದದ್ದಿಲ್ಲ. ಓಟ ಅಲ್ಲಿಯ ಸಂಜೆಗೆ, ಅಂದರೆ ನಮ್ಮ ಮಧ್ಯಾಹ್ನಕ್ಕೆ, ಮಾಸ್ತರರು ಮೆಷಿನ್ನಿಗೆ ಹಚ್ಚಿಕೊಂಡು ಮಲಗುವ ಹೊತ್ತಿಗೇ ಬಂತು. ಅವರ ಎಡಗೈಯಲ್ಲಿ ಎರಡು ಸೂಜಿ, ಅದನ್ನು ಅಲ್ಲಾಡಿಸುವಂತಿಲ್ಲ. ನಾನು ಬಲಕ್ಕೆ ಸ್ಟೂಲ್ ಎಳೆದುಕೊಂಡು ಮೊಬೈಲ್ ಹಿಡಿದೆ. ಅವರು ನನ್ನ ಮಣಿಕಟ್ಟನ್ನು ಹುಡುಕಿ ಅದರ ಮೇಲೆ ಬಲಗೈ ಇಟ್ಟರು.

"ಯಾರು ಮುಂದ, ಯಾರು ಹಿಂದ, ಏನೂ ಹೇಳಬ್ಯಾಡ. ಅಂವ ಒಂದೊಂದು ದಾಟಿದಂಗ ಬರೇ ನಂಬರ್ ಹೇಳು. ಉಳಿದದ್ದು ನನಗ ತಿಳೀತೈತಿ."

ಸಿಸ್ಟರ್ ಬಂದು ಮೆಷಿನ್ ನೋಡಿದರು. "ಅಜ್ಜಾರ, ಬಿ.ಪಿ. ಏರಾಕತ್ತೈತ್ರಿ. ಆ ಫೋನ್ ಬಂದ್ ಮಾಡ್ಸ್ರಿ."

"ಹದಿಮೂರ್ ಸೆಕೆಂಡಿನ ಮಾತ್ ಐತವಾ."

ಎಂಟು ಜನ ಗೆರೆಗೆ ಬಂದರು. ನಮ್ಮವನದು ಐದನೆಯ ಸಾಲು. ಎಲ್ಲರೂ ಬಗ್ಗಿದರು. ಅಷ್ಟರಲ್ಲಿ ಏಳನೆಯ ಸಾಲಿನವನು ಗುಂಡಿಗಿಂತ ಮೊದಲೇ ಹಾರಿದ. ಅವನಿಗೆ ಕೆಂಪು ಚೀಟಿ ತೋರಿಸಿದರು. ಅವನು ಹೋಗಲೊಲ್ಲ, ತಲೆಯ ಮೇಲೆ ಕೈ ಹೊತ್ತು ನಿಂತ. ಉಳಿದವರು ಕಾಲು ಝಾಡಿಸುತ್ತ ಅತ್ತಿತ್ತ ತಿರುಗಾಡಿದರು. ನಮ್ಮವನು ಮಾತ್ರ ಕದಲಲಿಲ್ಲ. ಸೊಂಟಕ್ಕೆ ಕೈಯಿಟ್ಟು ಮುಂದೆ ನೋಡುತ್ತಿದ್ದ. ಸಿಸ್ಟರ್ ಮತ್ತೆ ಬಂದರು. ನಿಮ್ಮ ಹದಿಮೂರು ಸೆಕೆಂಡು ಇನ್ನೂ ಮುಗಿಲಿಲ್ಲೇನ್ರಿ ಎಂದರು. ಇನ್ನೂ ಚಾಲೂನ ಆಗಿಲ್ಲವಾ ಎಂದರು ಮಾಸ್ತರರು. ಅವರ ಅಂಗೈ ಬೆವರಿ ನನ್ನ ಮಣಿಕಟ್ಟು ಒದ್ದೆಯಾಗಿತ್ತು. ಸಿಸ್ಟರ್ ಹೋಗಲಿಲ್ಲ, ಅಲ್ಲೇ ನಿಂತರು.

ಕೊನೆಗೆ ಏಳನೆಯ ಸಾಲಿನವನು ಹೊರನಡೆದ. ಗುಂಡು ಹಾರಿತು.

"ಒಂದು" ಎಂದೆ. ಅಂಗೈ ಬಿತ್ತು. ಎರಡು, ಮೂರು, ನಾಲ್ಕು. ಬೆರಳು ಮೂರು, ಅಂಗೈ ಒಂದು, ನನ್ನ ಮಾತಿಗೂ ಅವರ ಕೈಗೂ ಕೂದಲೆಳೆಯ ಅಂತರವಿಲ್ಲ. ಐದರಲ್ಲಿ ನಮ್ಮವನು ನಾಲ್ಕನೆಯವನಾಗಿದ್ದ, ಹೇಳಲಿಲ್ಲ. ಏಳಕ್ಕೆ ಮೂರು ಜನ ಒಂದೇ ಗೆರೆಯಲ್ಲಿದ್ದರು. ಎಂಟಕ್ಕೆ ಪಕ್ಕದ ಸಾಲಿನವನ ಕಾಲು ಹರ್ಡಲಿಗೆ ತಗುಲಿತು. ಅವನು ಹರ್ಡಲ್ ಸಮೇತ ಮುಗ್ಗರಿಸಿದ, ಬೀಳುತ್ತ ಅವನ ಕೈ ನಮ್ಮ ಹುಡುಗನ ತೋಳಿಗೆ ಬಡಿಯಿತು. ಹುಡುಗ ಓಲಾಡಿದ.

"ಎಂಟು" ಎಂದೆ.

ಆಮೇಲೆ ನನ್ನ ನಾಲಿಗೆ ಹೊರಳಲಿಲ್ಲ. ನನ್ನ ಎದೆ ಹಿಂದಕ್ಕೆ ಜಗ್ಗಿತು, ಸ್ಟೂಲ್ ಕಿರ್ರೆಂದಿತು, ಕಣ್ಣು ಮುಚ್ಚಿದವು. ಮೂರು ಬೆರಳು ನನ್ನ ಮಣಿಕಟ್ಟಿನ ಮೇಲೆ ಬಡಿದವು. ಅಂಗೈ ಮೇಲೆದ್ದದ್ದು ತಿಳಿಯಿತು. ಅದು ಬೀಳಲಿಲ್ಲ. ಕಣ್ಣು ತೆರೆದಾಗ ಹುಡುಗ ಹತ್ತನೆಯದರ ಮೇಲೆ ತೇಲುತ್ತಿದ್ದ.

"ಹತ್ತು" ಎಂದೆ. ನಾಲ್ವರು ಎದೆ ಮುಂದೆ ಚಾಚಿ ಒಟ್ಟಿಗೇ ಗೆರೆ ದಾಟಿದರು.

ಮಾಸ್ತರರ ಕೈ ಇನ್ನೂ ಗಾಳಿಯಲ್ಲೇ ಇತ್ತು. "ಒಂಬತ್ತು ಎಲ್ಲಿ ಹೋತು?"

"ದಾಟಿದ್ನರಿ ಸರ್."

"ನೋಡಿದೇನು?"

"ಇಲ್ಲರಿ. ಕಣ್ಣ ಮುಚ್ಚಿದ್ದೆ."

ಅವರ ಕೈ ನಿಧಾನವಾಗಿ ಹಾಸಿಗೆಯ ಮೇಲೆ ಇಳಿಯಿತು. ಅಲ್ಲಿ ಫೋಟೋ ನೋಡಿ ತೀರ್ಮಾನ ಮಾಡುವುದಿತ್ತು. ಬೋರ್ಡಿನ ಮೇಲೆ ಮೊದಲನೆಯ ಹೆಸರು ಬಂತು, ನಮ್ಮವನದಲ್ಲ. ಎರಡನೆಯದು ಬಂತು, ಅದೂ ಅಲ್ಲ. ಆಮೇಲೆ ಏನೂ ಬರಲೊಲ್ಲದು. ಆ ಹೊತ್ತಿನಲ್ಲಿ ಓಟವನ್ನು ಸಾವಕಾಶ ತಿರುಗಿ ತೋರಿಸಿದರು. ಈಗ ಹೇಳು ಎಂದರು ಮಾಸ್ತರರು. ಹೇಳಿದೆ. ಪಕ್ಕದವನ ಕೈ ಬಡಿದ ಕೂಡಲೇ ಹುಡುಗ ಎರಡೂ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಿದ್ದ, ಹೆಗಲು ಸಣ್ಣದು ಮಾಡಿಕೊಂಡಿದ್ದ. ಎಡಕ್ಕೆ ಬಿದ್ದವನನ್ನು ನೋಡಲಿಲ್ಲ, ಬಲಕ್ಕಿದ್ದವನನ್ನೂ ನೋಡಲಿಲ್ಲ. ಅಷ್ಟು ಅಗಲದ ಮೈದಾನದಲ್ಲಿ ಅವನು ನಾಲ್ಕು ಅಡಿ ಸಂದಿಯೊಳಗೆ ಓಡುತ್ತಿದ್ದ.

ಮಾಸ್ತರರ ಕಣ್ಣ ಕೊನೆಯಿಂದ ನೀರು ಕಿವಿಯತ್ತ ಇಳಿಯಿತು. ಒರೆಸಿಕೊಳ್ಳಲಿಲ್ಲ. ಮೂರನೆಯ ಹೆಸರು ಬಂದದ್ದನ್ನು ಕಂಡು ಹೇಳಿದವರು ಸಿಸ್ಟರ್. ನಮ್ಮ ಹುಡುಗ ಮೂರನೆಯವನು. ಮಾಸ್ತರರು, ಮೂರೋ ನಾಕೋ, ಹತ್ತೂ ದಾಟಿದ್ನಲ್ಲ ಎಂದು ಅವರಿಗೆ ಕೈ ಮುಗಿಯಲು ಹೋದರು. ಎಡಗೈ ಎತ್ತಬ್ಯಾಡ್ರಿ ಎಂದು ಸಿಸ್ಟರ್ ಗದರಿಸಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಬ್ಯಾಡಗಿ ಹತ್ತಿರವಾಗಿ ಮೆಣಸಿನಕಾಯಿ ಘಾಟು ಮೂಗಿಗೆ ಬಡಿದಾಗ ಮಾತಾಡಿದರು.

"ಅವಂಗ ಸಂದಿ ಕೊಟ್ಟೆ. ನಿನಗ ಗೋಡಿ ಕೊಟ್ಟಿದ್ದೆ."

ಆ ಮಾತು ಆಡಲು ಅವರು ಎಷ್ಟು ವರ್ಷ ಕಾದಿದ್ದರೋ. ನೀವಿಲ್ಲದಿದ್ದರೆ ನಾನು ಆ ಎಂಟನ್ನೂ ದಾಟುತ್ತಿರಲಿಲ್ಲ ಎಂದು ಹೇಳಬೇಕಿತ್ತು. ಬಿದ್ದವನ ಅಂಗಡಿಗೆ ದಿನಾ ಬಂದು ಕುಳಿತವರು ನೀವೊಬ್ಬರೇ ಎಂದಾದರೂ ಹೇಳಬೇಕಿತ್ತು. ಸ್ಟಾಪ್ ಬಂತ್ರಿ ಸರ್, ಏಳ್ರಿ ಎಂದು ಅವರ ತೋಳು ಹಿಡಿದೆ.

ಈ ಸಲದ ಸುಗ್ಗಿಯಲ್ಲಿ ಅವರು ಹೋದರು. ರಾಣೆಬೆನ್ನೂರಿಗೆ ಹೊರಡಲೆಂದು ಅಂಗಿ ತೊಟ್ಟು, ಮನೆಯ ಕಟ್ಟೆಯ ಮೇಲೆ ನನಗಾಗಿ ಕಾಯುತ್ತ ಕುಳಿತವರು ಹಾಗೇ ಗೋಡೆಗೆ ಒರಗಿದ್ದರು. ನಾನು ಹೋಗಿ ಮುಟ್ಟಿದಾಗ ಬಲಗೈ ತೊಡೆಯ ಮೇಲಿತ್ತು. ಬೆರಳು ನೋಡಿಯೇ ನನಗೆ ತಿಳಿಯಿತು.

ಹಲಗೇರಿಯ ಹುಡುಗ ಬಂದು ಹೆಗಲು ಕೊಟ್ಟ. ಮಣ್ಣು ಮುಗಿಸಿ ಎಲ್ಲರೂ ಹೋದ ಮೇಲೆ ನಾನು ಶಾಲೆಯ ಮೈದಾನಕ್ಕೆ ಹೋದೆ. ಬಿದಿರಿನ ಹರ್ಡಲ್‌ಗಳು ಈಗಿಲ್ಲ, ಸಂದಿ ಇದೆ. ಓಟ ಶುರುವಾಗುವ ಜಾಗದಿಂದ ಕುಂಟುತ್ತ ನಡೆದೆ. ಹರ್ಡಲ್ ಇರುತ್ತಿದ್ದ ಒಂದೊಂದು ಜಾಗ ಬಂದಾಗಲೂ ಅಂಗೈಯನ್ನು ತೊಡೆಯ ಮೇಲೆ ಬಡಿದೆ. ಎಂಟು ಆದ ಮೇಲೆ ಕಾಲು ನಿಂತಿತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಮೊಣಕೈ ಒಳಗೆ ಎಳೆದುಕೊಂಡು ಸಂದಿ ದಾಟಿದೆ. ಆಚೆ ಕಣದ ತುಂಬ ಕೆಂಪು ಕಾಯಿ. ಹರವುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಅವರು ನೋಡಿದರೆ ನೋಡಲಿ ಎಂದು, ಮಾಸ್ತರರಿಗೆ ಕೇಳಿಸುವಷ್ಟು ಗಟ್ಟಿಯಾಗಿ, "ಒಂಬತ್ತು" ಎಂದೆ.