ಎಲ್ಲಿ ಪ್ರೆಸೆಂಟು?

ನಂಜುಂಡಯ್ಯ ಮೇಷ್ಟ್ರು ಹಾಜರಿ ಕೂಗುವಾಗ ಯಾರಾದರೂ ‘ಅವನು ಆಬ್ಸೆಂಟ್ ಸಾರ್’ ಅಂದರೆ ಪೆನ್ನು ಅಲ್ಲೇ ನಿಲ್ಲುತ್ತಿತ್ತು. “ಇಲ್ಲಿ ಆಬ್ಸೆಂಟು, ಸರಿ. ಎಲ್ಲಿ ಪ್ರೆಸೆಂಟು?” ಎಂದು ಇಡೀ ಕ್ಲಾಸನ್ನು ಕೇಳುತ್ತಿದ್ದರು. ಕೊಬ್ಬರಿ ಮಂಡಿಯಲ್ಲೋ, ಮಾವನ ಮದುವೆಯಲ್ಲೋ, ಗೊತ್ತಾಗುವವರೆಗೆ ಮುಂದಿನ ಹೆಸರಿಲ್ಲ. ಅನುಮಾನ ಬಂದರೆ ಸಂಜೆ ಸೈಕಲ್ಲು ಹತ್ತಿ ಮನೆಗೇ ಹೋಗುವರು. ಇಂಥ ಪತ್ತೇದಾರಿ ಇಂಗ್ಲಿಷ್ ಮೇಷ್ಟ್ರು ಹುಳಿಯಾರು ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ.

‘ಆಬ್ಸೆಂಟ್’ ಅನ್ನುವ ಆ ಒಂದು ಪದವನ್ನೇ ಪೀರಿಯಡ್ ಪೂರ್ತಿ ಪಾಠ ಮಾಡಿದ್ದೂ ಉಂಟು. “ಬರದೇ ಇದ್ದೋನೂ ಆಬ್ಸೆಂಟೇ. ಇಲ್ಲೇ ಕೂತು ಕಿಟಕಿ ಕಡೆ ನೋಡ್ತಾವ್ಳಲ್ಲ, ಅವಳೂ ಆಬ್ಸೆಂಟೇ. ನಿನ್ನೆ ನಮ್ಮನೆ ಸಾರಲ್ಲಿ ಉಪ್ಪೂ ಆಬ್ಸೆಂಟು ಕಣ್ರಪ್ಪಾ!” ಕಿಟಕಿ ಕಡೆ ನೋಡುತ್ತಿದ್ದವಳು ನಾನೇ.

ಕುರಿ ಸಾಕುವವರ ಹಟ್ಟಿ ನಮ್ಮದು. ಮುಟ್ಟಾದ ಹೆಣ್ಣುಮಕ್ಕಳು ಹಟ್ಟಿಯೊಳಗೆ ಇರುವಂತಿಲ್ಲ, ಹೊರಗಿನ ಗುಡಿಸಲಲ್ಲಿ ದಿನ ಕಳೆಯಬೇಕು. ಹತ್ತನೇ ಕ್ಲಾಸಿನಲ್ಲಿ ತಿಂಗಳು ತಿಂಗಳೂ ನಾನು ಗೈರುಹಾಜರು. ‘ಜ್ವರ ಸಾರ್’ ಎಂದು ಗೆಳತಿ ಸುಳ್ಳು ಹೇಳುತ್ತಿದ್ದಳು. ಹಾಜರಿ ಇನ್ನೂ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೆಡ್‌ಮಾಸ್ಟರು ಗದರಿದಾಗ ಕಾರಣ ಹೇಳಲಾರದೆ ನಾಚಿಕೆಯಿಂದ ಸತ್ತೇಹೋದೆ. ಆದರೆ ತಿಂಗಳಿಗೊಮ್ಮೆ ಬರುವ ಜ್ವರ ಯಾವುದೆಂದು ಮೇಷ್ಟ್ರಿಗೆ ಹೊಳೆಯದೇ ಇರುತ್ತದೆಯೇ?

ಒಂದು ಸಂಜೆ ಸೈಕಲ್ ಬೆಲ್ಲು ಕೇಳಿ ಗುಡಿಸಲಿಂದ ಇಣುಕಿದೆ. ಮೇಷ್ಟ್ರು ಚಪ್ಪಲಿ ದೂರ ಬಿಟ್ಟು, ಹಟ್ಟಿಯ ಬೇಲಿಯಾಚೆ ನಿಂತು ನಮ್ಮಜ್ಜಿಯ ಜೊತೆ ಮಾತಾಡುತ್ತಿದ್ದರು. ಆ ಅಜ್ಜಿಯ ಎದುರು ನಮ್ಮಪ್ಪನೂ ಉಸಿರೆತ್ತುತ್ತಿರಲಿಲ್ಲ.

“ನಿಮ್ಮ ದೇವ್ರು, ನಿಮ್ಮ ಕಟ್ಟು, ನಾನ್ಯಾಕೆ ಬ್ಯಾಡ ಅನ್ಲಿ ಅಜ್ಜಮ್ಮ? ಹಟ್ಟಿಯೊಳಕ್ಕೆ ಬರಬಾರ್ದು, ಅಷ್ಟೇ ತಾನೆ? ನಮ್ಮ ಇಸ್ಕೂಲು ಹಟ್ಟಿಯಿಂದ ಎರಡು ಮೈಲಿ ಆಚೆಗೈತೆ.”

ಅಜ್ಜಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. “ಹೌದಲ್ವಾ ಸಾಮಿ! ಆಚೆ ಇರೋಳು ಗುಡ್ಲಲ್ಲಿದ್ರೇನು, ಇಸ್ಕೂಲಲ್ಲಿದ್ರೇನು? ಹೋಗ್ಲಿ ಬುಡಿ” ಎಂದು ನಕ್ಕೇಬಿಟ್ಟಳು. ಮಾರನೆಯ ಬೆಳಿಗ್ಗೆ ದೂರದಿಂದಲೇ ಕೂಗಿ ನನ್ನನ್ನು ಎಬ್ಬಿಸಿದವಳೂ ಅವಳೇ. ಪರೀಕ್ಷೆ ಬರೆದೆ, ಪಾಸೂ ಆದೆ.

ಅಷ್ಟರಲ್ಲಿ ಮೇಷ್ಟ್ರಿಗೆ ದಬ್ಬೇಘಟ್ಟದ ಕಡೆ ವರ್ಗವಾಗಿತ್ತು. ಎಷ್ಟೋ ವರ್ಷದ ಮೇಲೆ, ಕೊನೆಯ ಸಲ ಅವರನ್ನು ಕಂಡದ್ದು ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದವರೇ, “ಅಜ್ಜಮ್ಮ ಹೆಂಗವ್ರೆ?” ಅಂದರು.

“ತೀರ್ಕೊಂಡ್ರು ಸಾರ್. ಇರೋಗಂಟ, ನೀವು ಬಂದೋದ್ಮೇಲೆ, ನಮ್ಮಟ್ಟಿ ಹೆಣ್ಮಕ್ಕಳನ್ನೆಲ್ಲ ಆ ದಿನಗಳಲ್ಲಿ ಅವ್ರೇ ಮುಂದೆ ನಿಂತು ಇಸ್ಕೂಲಿಗೆ ಅಟ್ಟೋರು. ಯಾರಾದ್ರೂ ಬ್ಯಾಡ ಅಂದ್ರೆ ದೊಣ್ಣೆ ಎತ್ಕಂಡು ಹೋಗೋರು.”

ಅವರ ಬಸ್ಸು ಬಂತು. ಮೇಷ್ಟ್ರು ಹತ್ತಲಿಲ್ಲ. “ಇನ್ನೊಂದು ಬತ್ತದೆ ಬುಡಮ್ಮ. ಅಜ್ಜಮ್ಮನ ವಿಷಯ ಇನ್ನೊಂಚೂರು ಹೇಳು” ಎನ್ನುತ್ತಾ ಕಲ್ಲುಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು.