ಭಾವ ಕೂತಿದ್ದ ತರಗತಿ

ಲಕ್ಷ್ಮೇಶ್ವರದಿಂದ ದಿನಾ ಬಸ್ಸು ಹತ್ತಿ ಗದಗಿಗೆ ಹೋಗಿ ಎಂ.ಎ. ವಿದ್ಯಾರ್ಥಿಗಳಿಗೆ ಸಹಕಾರ ವಿಷಯ ಕಲಿಸುವವಳು ನಾನು. ಕೇಳಿ ಕಲಿಯುವವರು, ನೋಡಿ ಕಲಿಯುವವರು, ಮಾಡಿ ಕಲಿಯುವವರು ಎಂದೆಲ್ಲ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದೆ. ಕೇಳಬೇಕೆ, ತಲೆ ತುಂಬ ಹುಮ್ಮಸ್ಸು. ಅಸ್ಸಾಮಿನ ಹುಡುಗಿಗೆ ಚಿತ್ರ ಬರೆದು ವಿವರಿಸಿದೆ. ಒಡಿಶಾದವನಿಗೆ ಹಿಂದಿಯಲ್ಲೇ ಉತ್ತರಿಸಲು ಬಿಟ್ಟೆ. ನಿಮ್ಮ ಕಡೆಯ ರೀತಿ ರಿವಾಜು ಏನು ಎಂದು ಇಬ್ಬರನ್ನೂ ಕೂಡಿಸಿಕೊಂಡು ಕೇಳಿದೆ. ಸೊರಟೂರಿನ ಸೊಸೆಯೊಬ್ಬಳು ಮುಂದಿನ ಬೆಂಚಿನಲ್ಲಿದ್ದಳು. ಅವಳನ್ನು ಮಾತ್ರ ಏನೂ ಕೇಳಲಿಲ್ಲ. ನಮ್ಮ ಕಡೆಯವಳೇ, ಕೇಳುವುದೇನಿದೆ?

ಸೆಮಿನಾರಿನ ದಿನ ಅವಳು ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು. ಬಾಯಿ ಮಾತ್ರ ಬಿಡಲಿಲ್ಲ. ಓದಿಲ್ಲವೆಂದು ಎಲ್ಲರೆದುರೇ ರೇಗಿದೆ. ಒಂದು ವಾರ ಕೊಡುತ್ತೇನೆ, ಆಗಲೂ ಹೀಗೇ ನಿಂತರೆ ಸೊನ್ನೆ ಎಂದೆ. ಫೇಲಾದರೆ ಮನೆಯಲ್ಲಿ ಓದು ಬಿಡಿಸುತ್ತಾರೆಂದು ಅವಳೇ ಹಿಂದೊಮ್ಮೆ ಹೇಳಿದ್ದಳು. ಅದು ಗೊತ್ತಿದ್ದೂ ನನ್ನ ಸಿಟ್ಟು ಇಳಿಯಲಿಲ್ಲ.

ಮರುದಿನ ನನ್ನ ಕೋಣೆಗೆ ಬಂದವನು, ಹಿಂದಿನ ಬೆಂಚಿನಲ್ಲಿ ಕೂರುವ, ಎಲ್ಲರಿಗಿಂತ ವಯಸ್ಸಾದ ವಿದ್ಯಾರ್ಥಿ.

"ಮೇಡಮ್, ಆಕಿ ನನ್ನ ತಮ್ಮನ ಹೇಂತಿರಿ. ನಾ ಆಕಿಗೆ ಭಾವ ಆಗಬೇಕು. ನಾ ಕುಂತಲ್ಲೆ ಆಕಿ ಹೆಂಗ ಮಾತಾಡ್ತಾಳ್ರಿ?"

"ಇದನ್ನ ಆಕಿನ ಹೇಳಬೇಕಿತ್ತಲ್ಲಪಾ."

"ನನ್ನ ಮ್ಯಾಲೆ ದೂರು ಹೇಳಿದಂಗ ಆಕ್ಕೈತಿ ಅಂತ ಸುಮ್ಮನ ಇದ್ದಾಳ್ರಿ. ಮುಂದಿನ ವಾರ ಆಕಿ ಮಾತಾಡೋ ದಿನ ನಾ ಹೊರಗ ಇರ್ತೀನಿ. ನನ್ನ ಹಾಜರಿ ಹೋದ್ರ ಹೋಗ್ಲಿ."

ನಾಚಿಕೆಯಾಯಿತು. ನಮ್ಮವ್ವ ತನ್ನ ಭಾವನ ಮುಂದೆ ಸೊಲ್ಲೆತ್ತಿದ್ದನ್ನು ನಾನು ಕಂಡೇ ಇಲ್ಲ. ದೊಡ್ಡಪ್ಪ ಪಡಸಾಲೆಗೆ ಬಂದರೆ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನುಂಗಿ ಒಳಗೆ ಹೋಗುತ್ತಿದ್ದಳು. ಅದನ್ನು ನೋಡುತ್ತಲೇ ಬೆಳೆದ ನಾನು ಈ ಹುಡುಗಿಯನ್ನು ದಡ್ಡಿ ಎಂದು ಎಣಿಸಿದ್ದೆ.

ವಾರ ಕಳೆದ ಮೇಲೆ ಅವಳು ಕಣಗಿನಹಾಳದ ಹಳೆಯ ಸಹಕಾರ ಸಂಘದ ಬಗ್ಗೆ ನೀರು ಕುಡಿದಷ್ಟು ಸಲೀಸಾಗಿ ಮಾತಾಡಿದಳು. ಅಸ್ಸಾಮಿನ ಹುಡುಗಿಗೂ ತಿಳಿಯಲೆಂದು ನಡುನಡುವೆ ತನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದಳು. ಕಿಟಕಿಯಾಚೆ ವರಾಂಡದ ನೆಲದ ಮೇಲೆ ಕುಳಿತು ಭಾವ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ.

ಕೊನೆಗೆ ಕಿಟಕಿಯಿಂದ ಒಂದು ಚೀಟಿ ನನ್ನ ಕೈಗೆ ಬಂತು. ಅದರಲ್ಲಿ ಅವನದೊಂದು ಪ್ರಶ್ನೆಯಿತ್ತು. ಓದಿ ಹೇಳಿದೆ. ಯಾರು ಕೇಳಿದ್ದೆಂದು ಅವಳಿಗೆ ಗೊತ್ತಾಯಿತು. ಸೆರಗು ಸರಿ ಮಾಡಿಕೊಂಡಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ, ಕಿಟಕಿಯಾಚೆಗೂ ಕೇಳುವಷ್ಟು ಗಟ್ಟಿಯಾಗಿ ಉತ್ತರ ಹೇಳಿದಳು.